ಅಮ್ಮನ ಓವನ್

ಇವತ್ತು ಆಸ್ಟಿನ್‌ನಲ್ಲಿ ಸೆಕೆ ಮುಗಿದು ಮೊದಲ ತಣ್ಣನೆ ಗಾಳಿ ಬೀಸಿತು. ತೀರಿಕೊಂಡ ಅಮ್ಮನ ಮರೂನ್ ಸ್ವೆಟರ್ ತೆಗೆದು ಹಾಕಿಕೊಂಡೆ. ತೋಳಲ್ಲಿ ಇನ್ನೂ ಏಲಕ್ಕಿ ವಾಸನೆ.

ನಾನು ಚಿಕ್ಕವಳಿದ್ದಾಗ ಇರ್ವಿಂಗ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಓವನ್ ಅಂದರೆ ಪಾತ್ರೆ ಇಡೋ ಜಾಗ. ಇಂಥ ಗಾಳಿ ಬಂದ ದಿನ ಮಾತ್ರ ಅಮ್ಮ ಬಾಣಲೆ, ಕುಕ್ಕರ್ ಎಲ್ಲ ಹೊರಗಿಟ್ಟು, ಕ್ಯಾಸೆಟ್ ಹಾಕಿ, ಹಾಡು ಗುನುಗುತ್ತಾ ಏಲಕ್ಕಿ ಹಾಕಿದ ರವೆ ಕೇಕ್ ಮಾಡೋಳು. ಒಂದು ಸಲ ಒಳಗಿದ್ದ ಪ್ಲಾಸ್ಟಿಕ್ ಡಬ್ಬ ಮರೆತು ಓವನ್ ಆನ್ ಮಾಡಿಬಿಟ್ಟಳು. ಮನೆ ತುಂಬ ಹೊಗೆ, ಜೊತೆಗೆ ಹೊಗೆ ಅಲಾರಂನ ಕಿರುಚಾಟ ಬೇರೆ. ಅಪ್ಪ ಟವೆಲ್ ಬೀಸುತ್ತಾ, "ಕೇಕ್ ಬೆಂತೇನೇ?" ಅಂದರು. ಅಮ್ಮ ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು.

ನನ್ನ ಓವನ್‌ನಲ್ಲಿ ನಾನು ಪಾತ್ರೆ ಇಡೋದಿಲ್ಲ. ಆದರೂ ಇವತ್ತು ರವೆ ಕೇಕಿಗೆ ಅಂತ ಆನ್ ಮಾಡೋ ಮುಂಚೆ ಬಗ್ಗಿ ಒಳಗೆ ನೋಡಿದೆ.

"ಅಮ್ಮಾ, ಇಟ್ಸ್ ಆಲ್ವೇಸ್ ಎಂಪ್ಟಿ," ಅಂದಳು ಮಗಳು.

"ಹೌದು ಪುಟ್ಟಾ, ಖಾಲಿ," ಅಂದೆ, ಸ್ವೆಟರಿನ ತೋಳನ್ನ ಮೂಗಿಗೆ ಒತ್ತಿಕೊಂಡು.