ಮಗಳಿಗೆ ಇಟ್ಟ ಎಡೆ

ಮಗಳು ಹೋದ ಮೇಲೆ ನಮ್ಮ ಮನೆಯಲ್ಲಿ ಮೊದಲು ಕೆಟ್ಟದ್ದು ಮಿಕ್ಸಿ. ಆಮೇಲೆ ಗೇಟಿನ ಚಿಲಕ, ಅದಾದ ಮೇಲೆ ಫ್ರಿಜ್ಜು. ಒಂಬತ್ತು ವರ್ಷದ ಹುಡುಗಿ ಡೆಂಗಿ ಬಂದು ತೀರಿಕೊಂಡಿದ್ದಾಳೆ, ಪಾಪ, ಇವರನ್ನು ಒಂದು ವರ್ಷವಾದರೂ ಗೋಳು ಹುಯ್ದುಕೊಳ್ಳುವುದು ಬೇಡ ಎಂದು ಯಾವ ವಸ್ತುವೂ ಯೋಚಿಸಲಿಲ್ಲ. ಮಾಗಡಿಯ ಜನ ಕನಿಕರ ತೋರಿಸಿದರು, ನೀರಿನ ಮೋಟಾರು ಮಾತ್ರ ತೋರಿಸಲಿಲ್ಲ. ಪಕ್ಷದ ಹಬ್ಬ ಹತ್ತಿರ ಬಂದಾಗಲೇ ಸಂಪಿನ ಮೋಟಾರು ಸುಟ್ಟುಹೋಯಿತು. ರಿಪೇರಿಯವನು ದಿನವೂ ಫೋನಿನಲ್ಲಿ "ಬೆಳಿಗ್ಗೆ ಬತ್ತೀನಿ ಅಕ್ಕ" ಎನ್ನುತ್ತಿದ್ದ. ಯಾವ ಬೆಳಿಗ್ಗೆ ಎಂದು ಹೇಳುತ್ತಿರಲಿಲ್ಲ. ನಾನು ಸಂಪಿನಿಂದ ಬಕೆಟ್ಟಿನಲ್ಲಿ ನೀರು ಸೇದಿ ಹೊರುತ್ತಿದ್ದೆ.

ಪಕ್ಷದ ಹಬ್ಬದ ದಿನ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಾಕುತ್ತೇವೆ. ಮಾವನವರಿಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ಈ ಸಲ ಮಗಳಿಗೂ ಒಂದು ಎಲೆ ಹಾಕುತ್ತೇನೆ ಎಂದೆ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

"ಎಡೆ ಇಕ್ಕೋದು ಹಿರೀಕ್ರಿಗೆ ಕಣವ್ವ. ಎಳೇ ಮಗ ಹೆಂಗೆ ಹಿರೀಕ್ರಾದಾತು?"

"ಹಂಗಾದ್ರೆ ಅವಳೊಬ್ಬಳು ಹಸ್ಕೊಂಡಿರ್ಬೇಕಾ ಅತ್ತೆ?"

"ಹೆತ್ತೋರು ಮಕ್ಕಳಿಗೆ ಎಡೆ ಇಕ್ಕಿದ್ದ ನಾನಂತೂ ಕಂಡಿಲ್ಲ."

ನಾನೂ ಕಂಡಿರಲಿಲ್ಲ. ಹೆತ್ತವರು ಮಕ್ಕಳನ್ನು ಮಣ್ಣು ಮಾಡುವುದನ್ನೂ ಕಂಡಿರಲಿಲ್ಲ, ಅದಕ್ಕೆ ಯಾರೂ ಅಡ್ಡ ಬರಲಿಲ್ಲವಲ್ಲ ಎಂದು ಅಂದೇಬಿಟ್ಟೆ. ಅತ್ತೆ ಎದ್ದು ಹಿತ್ತಲಿಗೆ ಹೋದರು.

ಸಂಜೆ ನಾನೂ ನನ್ನ ಗಂಡನೂ ಫ್ರಾಕ್ ತರಲು ಹೋದೆವು. ಅಂಗಡಿಯವನು ಮಗುವಿಗೆ ಎಷ್ಟು ವರ್ಷ ಎಂದು ಕೇಳಿದ. ಇವರು ಒಂಬತ್ತು ಎಂದರು, ನಾನು ಹತ್ತು ಎಂದೆ. ಹೆತ್ತವರಿಗೇ ಮಗುವಿನ ವಯಸ್ಸು ಗೊತ್ತಿಲ್ಲವೇ ಎನ್ನುವಂತೆ ನೋಡಿ, "ಬೆಳೆಯೋ ಮಕ್ಳು, ಒಸಿ ದೊಡ್ಡದೇ ತಕಳಿ" ಎಂದ. ದೊಡ್ಡದನ್ನೇ ತೆಗೆದುಕೊಂಡೆವು. ಬರುವಾಗ ದಾರಿಯಲ್ಲಿ ಇವರು ಬೈಕ್ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತರು. ನಾನು ಫ್ರಾಕಿನ ಕವರ್ ಹಿಡಿದುಕೊಂಡು ನಿಂತಿದ್ದೆ.

ಹಬ್ಬದ ದಿನ ಅತ್ತೆ ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಡುಮನೆಯಲ್ಲಿ ಮಾವನ ಎಲೆಯ ಪಕ್ಕ ಮಗಳ ಎಲೆ ಹಾಕಿ, ಗಾಡಿಯಿಂದ ತರಿಸಿದ ಗೋಬಿ ಮಂಚೂರಿ, ಮೊಸರನ್ನ, ಎರಡು ಚಾಕ್ಲೇಟು ಬಡಿಸಿ, ಪಕ್ಕದಲ್ಲಿ ಫ್ರಾಕ್ ಇಟ್ಟೆ. ಅತ್ತೆ ಬಗ್ಗಿ, ಎರಡೂ ಎಲೆಗಳ ನಡುವೆ ಇದ್ದ ಬೀಡಿ ಕಟ್ಟನ್ನು ಎತ್ತಿ ಮಾವನ ಎಲೆಯ ಆಚೆ ಬದಿಗೆ ಇಟ್ಟರು. ಧೂಪ ಹಾಕಿ, ತೀರಿಕೊಂಡವರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ನಾವು ಮೂವರೂ ಜಗಲಿಗೆ ಬಂದು ಕೂತೆವು.

ಹಾಗೆ ಕೂತಿದ್ದಾಗ ರಿಪೇರಿಯವನು ಬಂದ. ಅಷ್ಟು ದಿನ ಬಾರದವನು, ಸರಿಯಾಗಿ ಆಗಲೇ ಬಂದ.

"ಅಕ್ಕ, ಕರೆಂಟ್ ಆಫ್ ಮಾಡ್ಬೇಕು. ಮೇನ್ ಎಲ್ಲೈತೆ?"

"ನಡುಮನೇಲಿ. ಎಡೆ ಇಟ್ಟಿದೀವಪ್ಪ."

"ಬಾಗ್ಲಾಕಿ ಎಷ್ಟೊತ್ತಾಯ್ತು?"

ಅರ್ಧ ಗಂಟೆಯ ಮೇಲಾಯಿತು ಎಂದೆ. ಬೇರೆ ವರ್ಷವಾಗಿದ್ದರೆ ಅಷ್ಟರಲ್ಲಿ ಬಾಗಿಲು ತೆಗೆದು, ಎಡೆಯ ಬಾಡು ನಮ್ಮ ತಟ್ಟೆಗೆ ಬಂದಿರುತ್ತಿತ್ತು. ಅವನಿಗೂ ಅದು ಗೊತ್ತು, ಅವನ ಮನೆಯಲ್ಲೂ ಎಡೆ ಇಡುತ್ತಾರೆ.

"ಅಷ್ಟೊತ್ತಾಗೈತಲ್ಲ, ಹಿರೀಕ್ರು ಉಂಡು ಎದ್ದಿರ್ತಾರೆ ಬುಡಿ. ನಂಗೆ ಇನ್ನೂ ಬೇರೆ ಮನೆ ಅವೆ" ಎನ್ನುತ್ತ ಅವನು ಚಪ್ಪಲಿ ಬಿಟ್ಟು ಬಾಗಿಲ ಕಡೆ ಹೊರಟ. ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಹೋಗಲಿ, ತೆಗೆಯೋಣ ಎಂದು ನಾನೂ ಎದ್ದೆ.

ಅತ್ತೆ ಕೈ ಅಡ್ಡ ಹಿಡಿದರು.

"ದೊಡ್ಡೋರು ಉಂಡಿರ್ತಾರೆ ಕಣಪ್ಪ. ನಮ್ ಮಗ ಇನ್ನೂ ಉಣ್ತಾ ಐತೆ. ಅದು ಉಣ್ಣಾದು ನಿಧಾನ. ಒಸಿ ತಡಿ."

ಅವನು ನನ್ನ ಮುಖ ನೋಡಿದ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಜಗಲಿಯ ಮೇಲೆ ನಮ್ಮ ಪಕ್ಕದಲ್ಲೇ ಕೂತ. ಅವಳು ಉಂಡು ಮುಗಿಸಲಿ ಎಂದು ನಾವೆಲ್ಲರೂ ಕಾದೆವು.