ನಾಲ್ಕು ಗಂಟೆಯವರೆಗಿನ ಇಸಿಜಿ

ಮೊನ್ನೆ ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಎದೆಗೆ ಇಸಿಜಿಯ ಜೆಲ್ ಹಚ್ಚಿದರು. ತಣ್ಣಗೆ, ಅಂಟಂಟು. ಅದಕ್ಕೊಂದು ವಾಸನೆ ಇದೆ, ಆಸ್ಪತ್ರೆಯದ್ದೇ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಸಿಸ್ಟರ್ ನೆನಪಾದರು...

ನಮ್ಮ ಓಣಿಗೆಲ್ಲ ಅವರು ಸಿಸ್ಟರೇ. ನರ್ಸ್ ಕೆಲಸದಿಂದ ನಿವೃತ್ತರಾಗಿ ನಮ್ಮ ಪಕ್ಕದ ಮನೆಗೆ ಬಂದವರು. ಯಾರ ಮಗುವಿಗೆ ಜ್ವರ, ಯಾರ ಅಜ್ಜಿಗೆ ತಲೆ ತಿರುಗುವುದು, ಎಲ್ಲದಕ್ಕೂ ಅವರನ್ನೇ ಕರೆಯುತ್ತಿದ್ದೆವು. ನಾನು ಆಗಲೂ ಈಗಲೂ ಪೇಟೆಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುವವಳು. ಊರಿನ ಅರ್ಜಿಗಳೆಲ್ಲ ನನ್ನ ಕೈ ದಾಟಿಯೇ ಹೋಗುವುದು.

ನಮ್ಮ ಜನರಿಗೆ ಎದೆನೋವು ಅಂದರೆ ಮೊದಲು ಗ್ಯಾಸ್. ಜೀರಿಗೆ ಕಷಾಯ ಕುಡಿ, ಸೋಡಾ ಕುಡಿ, ಮಲಗು. ಗ್ಯಾಸ್ ಅಲ್ಲ ಎಂದು ಗೊತ್ತಾದ ಮೇಲೆ ಮಂಗಳೂರಿಗೆ ಓಡಬೇಕು. ಓಡುವ ಆಂಬುಲೆನ್ಸ್ ಬಿ.ಸಿ.ರೋಡಿನ ಟ್ರಾಫಿಕ್ ಬ್ಲಾಕಿನಲ್ಲಿ ನಿಲ್ಲಬೇಕು. ನನ್ನ ಅಪ್ಪ ಹೋದದ್ದು ಹಾಗೆಯೇ. ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ಯಂತ್ರ ಇರಲಿಲ್ಲವೇ? ಇತ್ತು, ಬಟ್ಟೆ ಹೊದ್ದು ಕೂತಿತ್ತು. ಮಾಡುವ ಜನ ಇರಲಿಲ್ಲ.

ಅಪ್ಪನ ಉತ್ತರಕ್ರಿಯೆ ಮುಗಿದ ವಾರವೇ ಸಿಸ್ಟರ್ ಅಂಗಡಿಗೆ ಬಂದರು. "ಒಂದು ಅರ್ಜಿ ಬರೆಯುವ. ಹಗಲೂ ರಾತ್ರಿಯೂ ಇಸಿಜಿ ಆಗ್ಬೇಕು, ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲಿಯೇ ಸಿಗ್ಬೇಕು. ನೀನು ಟೈಪ್ ಮಾಡು, ಸಹಿ ನಾನು ತರ್ತೇನೆ."

ಆ ಗಂಟುನೋವಿನ ಹೆಂಗಸು ಕೊಡೆ ಹಿಡಿದು ಮನೆ ಮನೆ ತಿರುಗಿದರು. ನಮ್ಮ ವಾರ್ಡ್ ಮಾತ್ರ ನನ್ನ ಪಾಲಿಗೆ ಬಂತು. ನಾನು ಎಡವಿದ್ದು ಅಲ್ಲಿಯೇ. ನಮ್ಮಲ್ಲಿ ಮನೆಯ ಹಿರಿಯರು ಎಲ್ಲರ ಪರವಾಗಿ ಸಹಿ ಹಾಕುವುದು ಹೊಸತಲ್ಲ. ಮಗ ದುಬಾಯಿಯಲ್ಲಿದ್ದರೇನಂತೆ, ಅವನೂ ಈ ಊರಿನವನೇ ತಾನೇ? ಹಾಕಿ ಹಾಕಿ, ಅವನದ್ದೂ ಹಾಕಿ ಎಂದೆ. ಎರಡು ಸಂಜೆಯಲ್ಲಿ ಎಂಟು ಪುಟ ತುಂಬಿಸಿ ಬೀಗುತ್ತ ತಂದುಕೊಟ್ಟೆ.

ಅರ್ಜಿ ಕೊಟ್ಟ ಆರೋಗ್ಯ ಇಲಾಖೆ ಕಚೇರಿಯ ಸಾಹೇಬರು ಮೂರನೇ ಪುಟದಲ್ಲೇ ಬೆರಳಿಟ್ಟರು. "ಇವ ನನ್ನ ಭಾವ. ದುಬಾಯಿಗೆ ಹೋಗಿ ಐದು ವರ್ಷ ಆಯ್ತು. ಸಹಿ ಹಾಕ್ಲಿಕ್ಕೆ ವಿಮಾನದಲ್ಲಿ ಬಂದಿದ್ನಾ?"

ಇಡೀ ಅರ್ಜಿಯೇ ಸುಳ್ಳು ಎಂದು ವಾಪಸು ಬಂತು. ಸಿಸ್ಟರ್ ಬಿಸಿಲಿನಲ್ಲಿ ನಡೆದು ತಂದ ನಿಜವಾದ ಸಹಿಗಳೂ ಅದರೊಂದಿಗೆ ಮಣ್ಣುಪಾಲಾದವು.

"ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ್ತಿ, ಸೆಗಣಿಯಾ?" ಎಂದು ಸಿಸ್ಟರ್ ಗಿರಾಕಿಗಳ ಎದುರೇ ಬೈದರು. ಬೈದು, ಮರುದಿನ ಮತ್ತೆ ಹೊರಟರು. ಈ ಸಲ ಜನ ಮುಖ ತಿರುಗಿಸಿದರು. "ಒಮ್ಮೆ ಹಾಕಿದ್ದೇವಲ್ಲ ಸಿಸ್ಟರ್" ಎಂಬ ಒಂದೇ ರಾಗ.

ಆಗ ಕಚೇರಿಯ ಗುಮಾಸ್ತರೊಬ್ಬರು ನನಗೆ ಉಪದೇಶ ಮಾಡಿದರು. "ಸಣ್ಣದು ಕೇಳಿ ಅಕ್ಕ, ಸಿಗ್ತದೆ. ಹಗಲೂ ರಾತ್ರಿ ಅಂತ ಬರೆದ್ರೆ ಫೈಲು ಮೇಲೆಯೇ ಹೋಗುವುದಿಲ್ಲ." ನನಗದು ಸರಿ ಕಂಡಿತು. ಸಿಸ್ಟರ್ ಒಪ್ಪಲಿಲ್ಲ. "ಎದೆನೋವು ಆಫೀಸ್ ಟೈಮ್ ನೋಡಿ ಬರ್ತದಾ?" ಎಂದರು. ಮೂರು ದಿನ ಜಗಳವಾಡಿದೆ. ಹಟ ಹಿಡಿದರೆ ಯಂತ್ರಕ್ಕೆ ಇನ್ನೂ ಹತ್ತು ವರ್ಷ ಬಟ್ಟೆಯೇ ಗತಿ ಎಂದೆ. ಕೊನೆಗೆ ದಣಿದು ಬೆಂಚಿನ ಮೇಲೆ ಕೂತು, "ನಿನ್ನಿಷ್ಟ" ಎಂದರು... ನಾನು 'ಹಗಲೂ ರಾತ್ರಿಯೂ' ಎಂಬುದನ್ನು ಅಳಿಸಿ, 'ಹಗಲಿನಲ್ಲಿ ಆದರೆ ಸಾಕು' ಎಂದು ಟೈಪ್ ಮಾಡಿದೆ.

ಸಿಕ್ಕಷ್ಟೇ ಸಹಿಗಳೊಂದಿಗೆ ಅರ್ಜಿ ಹೋಯಿತು, ಮಂಜೂರಾಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು, ಆದಿತ್ಯವಾರ ರಜೆ. ರಿಬ್ಬನ್, ಭಾಷಣ, ಹಾರ ಎಲ್ಲ ಆಯಿತು. ಸಿಸ್ಟರನ್ನು ವೇದಿಕೆಗೆ ಯಾರೂ ಕರೆಯಲಿಲ್ಲ. ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಹಿಂದಿನ ಕುರ್ಚಿಯಲ್ಲಿ ಕೂತು, "ಇನ್ನು ರಾತ್ರಿಯದ್ದಕ್ಕೆ ಶುರು ಮಾಡುವ" ಎಂದರು. ಸ್ವಲ್ಪ ತಡೆಯಿರಿ ಸಿಸ್ಟರ್ ಎಂದೆ. ಎಂತಹ ಬುದ್ಧಿವಂತೆ ನಾನು!

ಮರುವರ್ಷ ಒಂದು ಆದಿತ್ಯವಾರ, ಮಧ್ಯಾಹ್ನ ಉಂಡು ಕೈ ತೊಳೆಯುವಾಗ ಅವರಿಗೆ ಎದೆನೋವು ಬಂತು. ಅವರು ಕಷಾಯ ಕೇಳಲಿಲ್ಲ. "ಇದು ಹಾರ್ಟಿನದ್ದು, ರಿಕ್ಷಾ ಕರಿ" ಎಂದರು. ಹತ್ತು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು. ಇಸಿಜಿ ಕೋಣೆಗೆ ಬೀಗ. ಡ್ಯೂಟಿ ಡಾಕ್ಟರು ಪಾಪ, ಇಸಿಜಿ ನೋಡದೆ ಆ ಇಂಜೆಕ್ಷನ್ ಕೊಡುವ ಹಾಗಿಲ್ಲ, ತಾನೇನು ಮಾಡಲಿ ಎನ್ನುತ್ತ ಮಂಗಳೂರಿಗೆ ಚೀಟಿ ಬರೆದರು. ಸಿಸ್ಟರ್ ಬೀಗ ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ... ಬೈದಿದ್ದರೆ ಒಳ್ಳೆಯದಿತ್ತು. ಅವರು ಮಂಗಳೂರು ಮುಟ್ಟಲಿಲ್ಲ.

ಮೊನ್ನೆ ನನ್ನ ಇಸಿಜಿ ಮಾಡಿದ ಹುಡುಗಿ ಕಾಗದ ಹರಿದು ಕೈಗೆ ಕೊಡುತ್ತ ನಕ್ಕಳು. "ಎಂತ ಇಲ್ಲ ಅಕ್ಕ, ನಾರ್ಮಲ್ ಉಂಟು. ಬೇಗ ಬಂದದ್ದು ಒಳ್ಳೇದಾಯ್ತು, ನಾಲ್ಕು ಗಂಟೆಗೆ ನಾವು ಬಾಗಿಲು ಹಾಕ್ತೇವೆ."

ಈಗಲೂ! ಇಷ್ಟು ವರ್ಷವಾದರೂ! ಯಾರಿಗಾದರೂ ಬೈದುಬಿಡಬೇಕು ಎನಿಸಿತು. ಯಾರಿಗೆ ಬೈಯಲಿ? ಆ ಹುಡುಗಿಗೆ? ಸರಕಾರಕ್ಕೆ? ಅವರು ನಾವು ಕೇಳಿದ್ದನ್ನು ಕೊಟ್ಟಿದ್ದಾರೆ. ಅಷ್ಟೇ ಸಾಕು ಎಂದು ಬರೆದುಕೊಟ್ಟವಳು ನಾನು.