ಗುಂಗುರಕ್ಕನ ಅಮ್ಮನ ಕೂದಲು

ಔಷಧಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಮೇಲೆ ಒಂದೇ ಕೋಣೆಯ ಸಲೂನು. ಎರಡು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್ನು, ಗೋಡೆಯುದ್ದ ಕನ್ನಡಿ. ಅಲ್ಲಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಗುಂಗುರು ಕೂದಲಿನವರು. ಸಲೂನಿನ ಒಡತಿಯದ್ದೂ ಅದೇ ಕೂದಲು. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಉಳಿದುಕೊಂಡಿದೆ, ಬೀದಿಗೆಲ್ಲ ಅವಳು ಗುಂಗುರಕ್ಕ. "ಮೊದಲು ತಲೆ ಬರುತ್ತೆ, ಎರಡು ನಿಮಿಷ ಬಿಟ್ಟು ಅಕ್ಕ ಬರ್ತಾರೆ, ಗುರುತು ಸಿಗುತ್ತೆ ಹೋಗಿ" ಎಂದು ಕೆಳಗಿನ ಔಷಧಿ ಅಂಗಡಿಯವನು ಹೊಸಬರಿಗೆ ದಾರಿ ತೋರಿಸುತ್ತಾನೆ. ಅವಳೂ ನಗುತ್ತಾಳೆ.

ಆದರೆ ಚಿಕ್ಕವಳಿದ್ದಾಗ ಆ ತಲೆಯೇ ಅವಳಿಗೆ ದೊಡ್ಡ ತಲೆನೋವಾಗಿತ್ತು. ಶಾಲೆಯಲ್ಲಿ 'ಪೊದೆ' ಎನ್ನುತ್ತಿದ್ದರು. ಪೆನ್ಸಿಲ್ ತುಂಡುಗಳನ್ನು ಹಿಂದಿನಿಂದ ಸಿಕ್ಕಿಸಿ, ಎಷ್ಟು ಹೊತ್ತಿಗೆ ಅವಳಿಗೆ ಗೊತ್ತಾಗುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ಮನೆಯಲ್ಲಿ ಬೆಳಗಾದರೆ ಅಮ್ಮನ ಮಂಡಿಗಳ ನಡುವೆ ನೆಲದ ಮೇಲೆ ಕೂರಬೇಕು. ಅಮ್ಮ ಸಣ್ಣ ಹಲ್ಲಿನ ಬಾಚಣಿಗೆ ತೆಗೆದುಕೊಂಡು ಒಣ ಕೂದಲನ್ನು ಬುಡದಿಂದಲೇ ಎಳೆಯುತ್ತಿದ್ದಳು. ಬಾಚಣಿಗೆಯ ಹಲ್ಲು ಮುರಿಯುವುದು, ಹುಡುಗಿಯ ಕಣ್ಣಲ್ಲಿ ನೀರು ಬರುವುದು, ಎರಡೂ ಒಟ್ಟಿಗೇ ಆಗುತ್ತಿದ್ದವು.

"ಅಳಬೇಡ. ನನ್ನೇನು ಮಾಡು ಅಂತೀಯಾ? ನಿಮ್ಮಪ್ಪನ ಅಮ್ಮನ ಕೂದಲು ಇದು. ಆ ಮುದುಕಿ ಹೋಗುವಾಗ ನಿನಗೆ ಬಿಟ್ಟುಹೋದ ಆಸ್ತಿ."

ಆ ಅಜ್ಜಿ ಇವಳು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದಳು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಕಂಡೇ ಇರದ ಆ ಹೆಂಗಸನ್ನು ಹುಡುಗಿ ಮನಸ್ಸಿನಲ್ಲೇ ದಿನಾ ಬೈದುಕೊಳ್ಳುತ್ತಿದ್ದಳು. ಬಸ್ ಡ್ರೈವರ್ ಆಗಿದ್ದ ಅಪ್ಪ ಆ ಹೊತ್ತಿನಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದ.

ಅಮ್ಮನ ಕೂದಲೋ, ಅಡಿಕೋಲಿನ ಹಾಗೆ ನೇರ. ಎಣ್ಣೆ ಒತ್ತಿ, ಬಿಗಿಯಾಗಿ ತುರುಬು ಕಟ್ಟಿ, ಒಂದು ಎಳೆಯೂ ಆಚೆ ಬರದಂತೆ ಪಿನ್ನು ಚುಚ್ಚಿಕೊಂಡು ಅವಳು ಕೆಲಸಕ್ಕೆ ಹೊರಡುತ್ತಿದ್ದಳು. ಕಣ್ಣಿನ ಆಸ್ಪತ್ರೆಯೊಂದರ ಮುಂದಿನ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಎಲ್ಲರಿಗಿಂತ ಮೊದಲು ಎದ್ದು ಮುಕ್ಕಾಲು ಗಂಟೆ ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಮನೆಯಲ್ಲಿ ಏನೋ ಸೀದ ವಾಸನೆ ಉಳಿಯುತ್ತಿತ್ತು. ಹಳೇ ಹೀಟರಿನದು ಅದು ಎಂದು ಮಗಳು ನಂಬಿದ್ದಳು.

ಹದಿನಾಲ್ಕನೇ ವಯಸ್ಸಿನಲ್ಲಿ, ಶಾಲೆಯ ಗ್ರೂಪ್ ಫೋಟೋ ತೆಗೆಯುವ ಹಿಂದಿನ ದಿನ, ಹುಡುಗಿ ಅಡುಗೆಮನೆಯ ಕತ್ತರಿ ತೆಗೆದುಕೊಂಡು ತನ್ನ ಕೂದಲನ್ನು ಕೈಗೆ ಸಿಕ್ಕಷ್ಟು ಕತ್ತರಿಸಿಕೊಂಡಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. "ಗುಡಿಸಿ ಹಾಕು" ಎಂದು ಒಳಗೆ ಹೋದಳು. ಅಪ್ಪನೇ ಕೈ ಹಿಡಿದು ಬಸ್ ಡಿಪೋ ಎದುರಿನ ಕ್ಷೌರದಂಗಡಿಗೆ ಕರೆದುಕೊಂಡು ಹೋದ. ಮುದುಕ ಕ್ಷೌರಿಕ ಬೆರಳಿನಿಂದ ಒಂದೊಂದೇ ಎಳೆ ಬಿಡಿಸಿ ನೋಡಿ, "ಯಾರಮ್ಮಾ ಇದಕ್ಕೆ ಇಷ್ಟು ಹಿಂಸೆ ಕೊಟ್ಟಿದ್ದು? ಇದು ಕೆಟ್ಟ ಕೂದಲಲ್ಲ, ಬಾಯಾರಿದ ಕೂದಲು" ಎಂದ. ಆ ಒಂದು ಮಾತು ಅವಳನ್ನು ಈ ಕಸುಬಿಗೆ ಎಳೆದು ತಂದಿತು.

ಎಳೆದು ತಂದಿತೇ ಹೊರತು ಕಲಿಸಲಿಲ್ಲ. ಅವಳು ಕೆಲಸಕ್ಕೆ ಸೇರಿದ ಪಾರ್ಲರಿನಲ್ಲಿ ಗುಂಗುರು ಕೂದಲು ಕಂಡರೆ ಒಂದೇ ಮದ್ದು, ಕೂದಲನ್ನು ನೇರ ಮಾಡುವ ಬಿಸಿ ಇಸ್ತ್ರಿ. ಉಳಿದದ್ದನ್ನೆಲ್ಲ ಅವಳು ತನ್ನ ತಲೆಯ ಮೇಲೇ ಪ್ರಯೋಗ ಮಾಡಿ ಕಲಿತಳು. ಒಣಗಿದಾಗ ಬಾಚಬಾರದು. ಒದ್ದೆಯಿರುವಾಗ, ಕಂಡೀಷನರ್ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಬಿಡಿಸಬೇಕು. ಟವೆಲಿನಿಂದ ಉಜ್ಜಬಾರದು, ಹಳೇ ಹತ್ತಿ ಬನಿಯನ್ನಿನಲ್ಲಿ ಒತ್ತಿ ನೀರು ತೆಗೆಯಬೇಕು. ಅಗಸೆ ಬೀಜ ಕುದಿಸಿ ತೆಗೆದ ಲೋಳೆಯನ್ನು ಹಚ್ಚಿ, ಕೂದಲನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಮುದುಡಿ ಬಿಟ್ಟರೆ ಸುರುಳಿ ನಿಲ್ಲುತ್ತದೆ. ಪೂರ್ತಿ ಒಣಗುವ ತನಕ ಕೈ ಹಾಕಬಾರದು. ಆ ಲೋಳೆಯೊಂದೇ ಅವಳನ್ನು ಮೂರು ವರ್ಷ ಸತಾಯಿಸಿತು. ಆರಲಿ ಎಂದು ಇಟ್ಟರೆ ಗಟ್ಟಿಯಾಗಿ ಬಟ್ಟೆಗೆ ಅಂಟಿಕೊಂಡು, ಹಿಂಡಿ ಹಿಂಡಿ ಕೈ ನೋಯಿಸಿಕೊಂಡು, ಕೊನೆಗೆ ಪಾತ್ರೆ ಸಮೇತ ಮೋರಿಗೆ ಹೋಗುತ್ತಿತ್ತು.

ಸಲೂನು ತೆರೆದ ದಿನ ಅಮ್ಮ ಬಂದು, "ಜಾಗ ಚೆನ್ನಾಗಿದೆ" ಎಂದು ಹತ್ತು ನಿಮಿಷದಲ್ಲಿ ಹೊರಟಳು. "ಒಂದ್ಸಲ ಕೂತ್ಕೋ ಅಮ್ಮಾ, ತಲೆ ತೊಳೆದು ಕೊಡ್ತೀನಿ" ಎಂದು ಮಗಳು ಆಮೇಲೆ ಎಷ್ಟೋ ಸಲ ಕರೆದಳು.

"ಊರವರ ತಲೆಗೆಲ್ಲ ಹಾಕಿದ ಕೈ, ನನ್ನ ತಲೆಗೆ ಬೇಡ."

ಅಮ್ಮನಿಗೆ ತನ್ನ ಕಸುಬಿನ ಮೇಲೆ ತಾತ್ಸಾರ ಎಂದು ಮಗಳು ತಿಳಿದಳು. ಕರೆಯುವುದನ್ನು ಬಿಟ್ಟಳು.

ಹೀಗೇ ವರ್ಷಗಳು ಕಳೆದವು. ಅಮ್ಮನಿಗೆ ಅರವತ್ತೆಂಟು ತುಂಬಿದ ವರ್ಷ ಮನೆಯ ಮುಂದಿನ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಅಮ್ಮ ತಲೆಗೊಂದು ಸ್ಕಾರ್ಫ್ ಕಟ್ಟಿಸಿಕೊಂಡವಳು ಬಿಚ್ಚಲೇ ಇಲ್ಲ. ಒಂಬತ್ತನೇ ದಿನ ಅಪ್ಪ ಫೋನು ಮಾಡಿದ. "ಕೆರೆದು ಕೆರೆದು ಗಾಯ ಮಾಡ್ಕೊಂಡಿದ್ದಾಳೆ. ಬಾ ತಾಯಿ, ನನ್ನ ಮಾತು ಕೇಳಲ್ಲ."

ಗುಂಗುರಕ್ಕ ತನ್ನ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಅಮ್ಮ ಹಟ ಹಿಡಿದಳು.

"ನಿಮ್ಮಪ್ಪನೇ ತೊಳೀಲಿ."

"ನಾನು ಬಸ್ಸು ತೊಳೆದವನು ಕಣೇ, ತಲೆ ತೊಳೆದವನಲ್ಲ" ಎಂದ ಅಪ್ಪ. ಯಾಕೋ ಅವನ ದನಿಯಲ್ಲಿ ನಗು ಇರಲಿಲ್ಲ.

ಕೊನೆಗೆ ತುರಿಕೆಯೇ ಗೆದ್ದಿತು. ಬಚ್ಚಲಿನಲ್ಲಿ ಸ್ಟೂಲು ಹಾಕಿ, ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮಗಳು ಮೊದಲ ಸಲ ಅಮ್ಮನ ತಲೆಗೆ ಕೈ ಇಟ್ಟಳು. ಎಣ್ಣೆಯ ಜಿಡ್ಡು ಬಿಡಿಸಲು ಮೂರು ಸಲ ಶಾಂಪೂ ಹಾಕಬೇಕಾಯಿತು. ನಾಲ್ಕನೇ ಸಲ ನೀರು ಹುಯ್ದಾಗ ಅವಳ ಕೈ ನಿಂತುಹೋಯಿತು.

ತುದಿಗಳು ಒಣ ಹುಲ್ಲಿನ ಹಾಗೆ ಸುಟ್ಟು ಜೋಲುಬಿದ್ದಿದ್ದವು. ಆದರೆ ಬುಡದಿಂದ ಒಂದು ಗೇಣು, ನೀರು ಕುಡಿದ ಕೂದಲು ಸುರುಳಿ ಸುರುಳಿಯಾಗಿ ಮೇಲೇಳುತ್ತಿತ್ತು. ಎಡಗಿವಿಯ ಹಿಂದಿನ ಒಂದು ಗೊಂಚಲು ಉಳಿದದ್ದಕ್ಕೆಲ್ಲ ಉಲ್ಟಾ ತಿರುಗಿತ್ತು. ಅವಳದ್ದೂ ಅದೇ ಜಾಗದಲ್ಲಿ, ಹಾಗೇ.

"ಅಮ್ಮಾ! ನಿನ್ನದೂನಾ?"

ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. "ವಯಸ್ಸಾದ ಮೇಲೆ ಹೀಗಾಯ್ತು. ನನಗೇನು ಗೊತ್ತು ಇದೆಲ್ಲ. ಬೇಗ ತೊಳೆದು ಕಟ್ಟಿಬಿಡು."

ಗುಂಗುರಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ವಯಸ್ಸಿನ ಮಾತನ್ನು ಅವಳು ನಂಬಲಿಲ್ಲ. ಪಾಪ, ಇವಳಿಗೂ ನನ್ನ ಹಾಗೇ ಏನು ಮಾಡಬೇಕೆಂದು ತಿಳಿದಿರಲಿಲ್ಲ, ನಾಚಿಕೆಯಲ್ಲಿ ಬಚ್ಚಿಟ್ಟುಕೊಂಡಳು, ನನಗೂ ತನಗೆ ಬಂದಷ್ಟನ್ನೇ ಮಾಡಿದಳು ಅಂದುಕೊಂಡಳು. ಆ ಅರ್ಧ ಗಂಟೆಯಲ್ಲಿ ಅವಳು ಅಮ್ಮನ ಎಲ್ಲ ಬೆಳಗುಗಳನ್ನೂ ಮನ್ನಿಸಿಬಿಟ್ಟಳು. ತನ್ನ ಕಡೆಯವರೊಬ್ಬರು ಕೊನೆಗೂ ಸಿಕ್ಕರು ಎಂಬ ಸಂತೋಷ. ಅಡುಗೆಮನೆಗೆ ಹೋಗಿ ಅಗಸೆ ಬೀಜ ಒಲೆಗಿಟ್ಟಳು. ಲೋಳೆ ನೊರೆಯಾಗಿ ಉಕ್ಕಿ ಬಂತು. ಒಲೆ ಆರಿಸಿ ಬಟ್ಟೆ ಹುಡುಕುವಷ್ಟರಲ್ಲಿ ಸಲೂನಿನ ಗಿರಾಕಿಯೊಬ್ಬಳ ಫೋನು ಬಂತು. ಮಾತಾಡುತ್ತಾ ಕಿಟಕಿಯ ಹತ್ತಿರ ನಿಂತಳು.

ಊಟದ ಮೇಜಿನ ಹತ್ತಿರ ಕೂತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು:

"ಏ, ಫೋನು ಆಮೇಲೆ ನೋಡ್ಕೋ! ಬಿಸಿ ಇರುವಾಗಲೇ ಸೋಸು. ಆರಿದ್ರೆ ಬಟ್ಟೆಯಿಂದ ಇಳಿಯಲ್ಲ ಅದು."

ಗುಂಗುರಕ್ಕ ಫೋನು ಇಟ್ಟಳು. ಲೋಳೆಯನ್ನು ಸೋಸಿದಳು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಪಾತ್ರೆ ಹಿಡಿದುಕೊಂಡೇ ಬಂದು ಅಮ್ಮನ ಮುಂದೆ ನಿಂತಳು.

"ಇದು ನಿನಗೆ ಯಾರು ಹೇಳಿಕೊಟ್ರು?"

ಅಮ್ಮನ ಮುಖದ ಬಣ್ಣ ಇಳಿಯಿತು. "ಎಲ್ಲೋ ಕೇಳಿದ್ದೆ."

"ಎಲ್ಲಿ? ನಾನು ಮೂರು ವರ್ಷ ಪಾತ್ರೆಗಟ್ಟಲೆ ಚೆಲ್ಲಿದ ಮೇಲೆ ಗೊತ್ತಾಗಿದ್ದು ಇದು. ಎಲ್ಲಿ ಕೇಳಿದ್ದೆ?"

ಅಮ್ಮ ಪ್ಲಾಸ್ಟರಿನ ಅಂಚು ಸವರುತ್ತಾ ಹೇಳಿದಳು. "ನಮ್ಮಮ್ಮ ಮಾಡ್ತಿದ್ರು. ವಾರಕ್ಕೆರಡು ಸಲ. ಹತ್ತೊಂಬತ್ತು ವರ್ಷದ ತನಕ ನನಗೆ ಹಚ್ಚಿದ್ದು ಅದನ್ನೇ."

"ಆಮೇಲೆ?"

"ಆಮೇಲೆ ಕೆಲಸಕ್ಕೆ ಸೇರಿದೆ. ಮುಂದಿನ ಕೌಂಟರಿನಲ್ಲಿ ಕೂರೋಳು ಹೀಗೆ ಕೆದರಿಕೊಂಡು ಬಂದ್ರೆ ಹೇಗೆ, ಅಂದ್ರು. ಮಾರನೇ ದಿನದಿಂದ ಇಸ್ತ್ರಿ ಹಿಡಿದೆ. ಮದುವೆಗೂ ಹಾಗೇ ನೋಡಿ ಒಪ್ಪಿದ್ರು. ಒಂದ್ಸಲ ಶುರು ಮಾಡಿದ್ಮೇಲೆ ಬಿಡೋದು ಹೇಗೆ?"

"ನಿನ್ನದು ನೀನು ಏನು ಬೇಕಾದ್ರೂ ಮಾಡ್ಕೋ. ನನಗೆ ಯಾಕೆ ಹೇಳಿಕೊಡಲಿಲ್ಲ? ಒಣ ಕೂದಲನ್ನ ಎಳೀಬಾರದು ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಎಳೆದೆ. ನಾನು ಕತ್ತರಿ ಹಾಕ್ಕೊಂಡ ದಿನ ಬಾಗಿಲಲ್ಲಿ ನಿಂತು ನೋಡಿದೆಯಲ್ಲ!"

ಅಮ್ಮ ತಲೆ ಎತ್ತಲಿಲ್ಲ. "ಹೇಳಿಕೊಟ್ಟಿದ್ರೆ ನೀನು ಚೆನ್ನಾಗಿ ಬಿಟ್ಕೊಂಡು ತಿರುಗ್ತಿದ್ದೆ. ಇಷ್ಟೆಲ್ಲ ಗೊತ್ತಿರೋದು ಯಾರಿಗೆ, ಯಾರ ಕೂದಲು ಇದು, ಅಂತ ಎಲ್ರೂ ನನ್ನ ಕಡೆ ತಿರುಗಿ ನೋಡ್ತಿದ್ರು."

ಅಷ್ಟು ನೇರವಾದ ಉತ್ತರವನ್ನು ಗುಂಗುರಕ್ಕ ನಿರೀಕ್ಷಿಸಿರಲಿಲ್ಲ. ಸುಳ್ಳು ಹೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಬಾಗಿಲ ಬಳಿ ಅಪ್ಪ ನಿಂತಿದ್ದ. ಅವಳು ಅವನ ಕಡೆ ತಿರುಗಿದಳು.

"ಅಪ್ಪಾ, ಅಜ್ಜಿಯ ಕೂದಲು ಹೇಗಿತ್ತು?"

ಅಪ್ಪ ಗೋಡೆ ನೋಡಿದ. "ನೇರ ಇತ್ತಮ್ಮಾ. ನನ್ನ ಹಾಗೇ."

"ಅಮ್ಮನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?"

"ಮದುವೆಯಾದ ಹದಿನೈದು ದಿನಕ್ಕೇ. ಯಾರಿಗೂ ಹೇಳಬೇಡಿ ಅಂದ್ಲು. ಕೊಟ್ಟ ಮಾತು..."

"ಸತ್ತವರು ಎದ್ದು ಬಂದು ಅಲ್ಲ ಅನ್ನಲ್ಲ ಅಂತ ನಿಮ್ಮ ಹೆತ್ತಮ್ಮನ ತಲೆಗೇ ಕಟ್ಟೋಕೆ ಬಿಟ್ರಲ್ಲ ಅಪ್ಪಾ."

ಅಂದು ಡಿಪೋ ಎದುರಿಗೆ ಅವನು ಹಿಡಿದ ಕೈಯನ್ನೇ ಅವಳು ಇಷ್ಟು ವರ್ಷ ನೆಚ್ಚಿಕೊಂಡಿದ್ದಳು.

ಅರ್ಧ ಬಿಟ್ಟರೆ ಕೂದಲು ಸಿಕ್ಕಾಗುತ್ತದೆ. ಅದಕ್ಕೇ ಅವಳು ಕೆಲಸ ಮುಗಿಸಿದಳು. ಸುಟ್ಟ ತುದಿ ಕತ್ತರಿಸಿ, ಲೋಳೆ ಹಚ್ಚಿ, ಒಂದೊಂದು ಗೊಂಚಲನ್ನೂ ಬೆರಳಿಗೆ ಸುತ್ತಿ ಬಿಟ್ಟಳು. ಒಣಗಿದ ಮೇಲೆ ಕನ್ನಡಿ ಹಿಡಿದಳು. ಬಿಳಿ ಸುರುಳಿಗಳ ನಡುವೆ ಅಮ್ಮನ ಮುಖ ಯಾರದ್ದೋ ಮುಖದ ಹಾಗಿತ್ತು, ಬಲು ಚೆಂದವಾಗಿತ್ತು. ಅಮ್ಮ ನೋಡಿಯೇ ನೋಡಿದಳು. "ನಮ್ಮಮ್ಮನ ಹಾಗೇ ಕಾಣ್ತೀನಿ" ಎಂದು ಗುನುಗಿ, ಎಡಗೈಯಲ್ಲಿ ಸ್ಕಾರ್ಫಿಗಾಗಿ ತಡಕಾಡಿದಳು. ಮಗಳು ಅದನ್ನು ಕಟ್ಟಿ ಮೆಟ್ಟಿಲಿಳಿದಳು.

ಪ್ಲಾಸ್ಟರು ಇದ್ದಷ್ಟು ದಿನ ನಾಲ್ಕು ದಿನಕ್ಕೊಮ್ಮೆ ಬಂದು ತೊಳೆದು ಹೋದಳು. ನೀರು ಬಿಸಿ ಸಾಕಾ, ಕುತ್ತಿಗೆ ಎತ್ತು, ಇದಿಷ್ಟೇ ಮಾತು. ಪ್ಲಾಸ್ಟರು ಬಿಚ್ಚಿದ ಮಾರನೇ ದಿನ ಔಷಧಿ ಕೊಡಲು ಹೋದಾಗ ಬಾಗಿಲಲ್ಲೇ ಆ ಸೀದ ವಾಸನೆ ಮೂಗಿಗೆ ಬಡಿಯಿತು. ಪೊಟ್ಟಣವನ್ನು ಚಿಲಕಕ್ಕೆ ಸಿಕ್ಕಿಸಿ ಹಿಂತಿರುಗಿದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಮ್ಮ ತಾನಾಗಿಯೇ ಸಲೂನಿನ ಮೆಟ್ಟಿಲು ಹತ್ತಿ ಬಂದಳು. ಎಣ್ಣೆ ಒತ್ತಿದ ನೇರ ಕೂದಲು, ಬಿಗಿ ತುರುಬು, ಕೈಯಲ್ಲಿ ಹಣ್ಣಿನ ಚೀಲ. "ಹೀಗೇ ಈ ಕಡೆ ಬಂದಿದ್ದೆ" ಎಂದು ಖಾಲಿ ಕುರ್ಚಿಯ ತುದಿಯಲ್ಲಿ ಕೂತಳು. ಗುಂಗುರಕ್ಕನ ಮನಸ್ಸು ಸ್ವಲ್ಪ ಕರಗಿತು. ಏನಿದ್ದರೂ ಹತ್ತಿ ಬಂದಿದ್ದಾಳಲ್ಲ. ಇನ್ನೊಂದು ಕುರ್ಚಿಯಲ್ಲಿ ಒದ್ದೆ ತಲೆಯಲ್ಲಿ ಕೂತಿದ್ದ ಶಾಲೆಯ ಟೀಚರ್ ಕನ್ನಡಿಯಲ್ಲೇ ಇಬ್ಬರನ್ನೂ ನೋಡಿ ಕೇಳಿದರು:

"ಅಕ್ಕಾ, ಇವರು ನಿಮ್ಮ ತಾಯಿಯಾ? ಇವರದು ಇಷ್ಟು ನೇರ ಇದೆ! ನಿಮಗೆ ಎಲ್ಲಿಂದ ಬಂತು ಈ ಕೂದಲು?"

ಗುಂಗುರಕ್ಕ ಕನ್ನಡಿಯಲ್ಲಿ ಅಮ್ಮನ ಕಣ್ಣನ್ನೇ ನೋಡುತ್ತಾ ಕಾದಳು. ಒಂದು ಮಾತು. ಅಷ್ಟು ಸಾಕಿತ್ತು ಅವಳಿಗೆ.

ಅಮ್ಮ ಚೀಲದ ಹಿಡಿ ಸರಿಮಾಡಿಕೊಂಡಳು. ನಕ್ಕಳು. "ಅವಳಿಗೆ ಅವಳ ಅಪ್ಪನ ಕಡೆಯಿಂದ."

ಬಾಚಣಿಗೆ ಗುಂಗುರಕ್ಕನ ಕೈಯಲ್ಲೇ ಇತ್ತು. ದನಿ ಏರಿಸದೆ ಹೇಳಿದಳು. "ಇಲ್ಲ ಟೀಚರ್. ಅಮ್ಮನ ಕಡೆಯಿಂದ. ಅಮ್ಮನದು ನನ್ನದಕ್ಕಿಂತ ದಟ್ಟ ಸುರುಳಿ. ದಿನಾ ಸುಟ್ಟು ನೇರ ಮಾಡ್ಕೋತಾರೆ."

ಅಮ್ಮ ಎದ್ದಳು. ಹಣ್ಣಿನ ಚೀಲವನ್ನು ಕುರ್ಚಿಯ ಮೇಲಿಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. "ಅಯ್ಯೋ, ನಾನು ಕೇಳಬಾರದಿತ್ತೇನೋ" ಎಂದರು ಟೀಚರ್. "ಕೇಳಿದ್ದು ಒಳ್ಳೇದೇ ಆಯ್ತು. ತಲೆ ಸ್ವಲ್ಪ ಬಗ್ಗಿಸಿ" ಎಂದಳು ಗುಂಗುರಕ್ಕ.

ಅಮ್ಮ ಆಮೇಲೆ ಬರಲಿಲ್ಲ, ಫೋನೂ ಇಲ್ಲ. ಇವಳೂ ಮಾಡಿಲ್ಲ. ಅಪ್ಪ ಮಾತ್ರ ತಿಂಗಳಿಗೊಂದು ಭಾನುವಾರ ಒಬ್ಬನೇ ಬಂದು ಎರಡನೇ ಕುರ್ಚಿಯಲ್ಲಿ ಕೂರುತ್ತಾನೆ. ಉಳಿದಿರುವ ನಾಲ್ಕು ಕೂದಲನ್ನು ಅವಳು ಸಮ ಮಾಡಿಕೊಡುತ್ತಾಳೆ. ಅಮ್ಮ ಹೇಗಿದ್ದಾಳೆ ಎಂದು ಅವಳು ಕೇಳುವುದಿಲ್ಲ. ಕೈ ಈಗ ನೋಯುತ್ತಿಲ್ಲವಂತೆ ಎಂದು ಅವನೇ ಹೇಳುತ್ತಾನೆ, ಹೇಳಿ ಅವಳ ಮುಖ ನೋಡುತ್ತಾನೆ. ಅವಳು ಅವನ ಕುತ್ತಿಗೆಯ ಮೇಲಿನ ಕೂದಲ ತುಣುಕುಗಳನ್ನು ಬ್ರಷ್ಷಿನಲ್ಲಿ ಕೊಡವುತ್ತಾ, "ಆಯ್ತು ಅಪ್ಪಾ, ಏಳಿ" ಎನ್ನುತ್ತಾಳೆ.